ತಿಮ್ಮಣ್ಣ ಮಾಸ್ತರರ ಕರೆಂಟಿನ ಇಸ್ತ್ರಿ

ಆ ಕಾಲಕ್ಕೆ ಗಂಗಾವತಿಯಲ್ಲಿ ಒಮ್ಮೆ ಶುರುವಾದರೆ ಸುಲಭಕ್ಕೆ ನಿಲ್ಲದ ವಸ್ತುಗಳು ಎರಡಿದ್ದವು. ಒಂದು, ಪೇಟೆಯ ಆಚೆಗಿದ್ದ ಅಕ್ಕಿ ಗಿರಣಿಯ ಇಂಜಿನ್ನು. ಇನ್ನೊಂದು, ಅದೇ ಗಿರಣಿಯ ಗೋಡೆಗೆ ಬೆನ್ನು ಹಚ್ಚಿಕೊಂಡಿದ್ದ ಮನೆಯಲ್ಲಿ ವಾಸವಾಗಿದ್ದ ತಿಮ್ಮಣ್ಣ ಮಾಸ್ತರರು. ಇಂಜಿನ್ನಿಗಾದರೂ ಮಧ್ಯಾಹ್ನ ಒಂದು ತಾಸು ವಿಶ್ರಾಂತಿ ಇತ್ತು. ಮಾಸ್ತರರು ರೊಟ್ಟಿ ಮುರಿಯುತ್ತಲೂ ಪಾಠ ಹೇಳುತ್ತಿದ್ದರು. ಕೇಳುವುದಕ್ಕೆ ಹೆಂಡತಿ ಕನಕಮ್ಮ ಒಬ್ಬಳೇ ಇದ್ದುದರಿಂದ ಆ ಕ್ಲಾಸಿನಲ್ಲಿ ಗೈರುಹಾಜರಾಗುವ ಅನುಕೂಲ ಆಕೆಗೆ ಇರಲಿಲ್ಲ.

ಮಾಸ್ತರರು ರಾಯಚೂರಿನಲ್ಲಿ ಓದಿದವರು. ಓದಿದ್ದೆಲ್ಲ ಉರ್ದುವಿನಲ್ಲಿ. ಊರಿನ ಸಾಲೆಯಲ್ಲಿ ಲೆಕ್ಕ ಮತ್ತು ವಿಜ್ಞಾನ ಕಲಿಸುತ್ತಿದ್ದುದೂ ಉರ್ದುವಿನಲ್ಲೇ, ಯಾಕೆಂದರೆ ನಿಜಾಮ ಸರಕಾರದ ಕಾಯಿದೆ ಹಾಗಿತ್ತು. ಮನೆಯಲ್ಲಿ ಕನ್ನಡ ಮಾತಾಡಿ, ಪೇಟೆಯಲ್ಲಿ ಕನ್ನಡ ಕೇಳಿ, ಸಾಲೆಗೆ ಬಂದ ಹುಡುಗರು ವಿಜ್ಞಾನದ ಪಾಠವನ್ನು ಮಂತ್ರದ ಹಾಗೆ ಬಾಯಿಪಾಠ ಮಾಡಿ ಒಪ್ಪಿಸುತ್ತಿದ್ದರು. ಅರ್ಥ ಕೇಳುವ ಉಡಾಳರು ಯಾರೂ ಇರಲಿಲ್ಲ. ಹಾಗಾಗಿ ಮಾಸ್ತರರಿಗೂ ತಮಗೆ ಎಲ್ಲವೂ ತಿಳಿದಿದೆ ಎಂಬ ಧೈರ್ಯ ಇತ್ತು.

ಇಲ್ಲದ್ದು ಒಂದೇ, ನೌಕರಿಯ ಧೈರ್ಯ. ಮೂರು ವರ್ಷದಿಂದ ಅವರು ಹಂಗಾಮಿ ಮಾಸ್ತರರು. ಪ್ರತಿ ವರ್ಷ ಹುಕುಂ ಬರುತ್ತಿತ್ತು, ವರ್ಷ ಮುಗಿಯುತ್ತಲೇ ಅದರ ಆಯುಷ್ಯವೂ ಮುಗಿಯುತ್ತಿತ್ತು. ಈ ಸಲ ಮಾತ್ರ ಮೇಲಿನಿಂದ ಸ್ಪಷ್ಟವಾಗಿ ಬರೆದಿದ್ದರು: ತಪಾಸಣೆಗೆ ಬರುವ ಸಾಹೇಬರು ಶಿಫಾರಸು ಮಾಡಿದರೆ ಕಾಯಂ, ಇಲ್ಲವಾದರೆ ಮನೆ. ಮನೆ ಎಂದರೆ ತಾವರಗೇರಾದಲ್ಲಿ ಅಣ್ಣನ ಮನೆ. ಅಲ್ಲಿ ಅತ್ತಿಗೆಯ ಕಣ್ಣ ಮುಂದೆ ಎಮ್ಮೆ ಕಾಯುವುದನ್ನು ನೆನೆಸಿಕೊಂಡರೆ ಮಾಸ್ತರರಿಗಿಂತ ಮೊದಲು ಕನಕಮ್ಮನ ಎದೆ ಝಲ್ ಎನ್ನುತ್ತಿತ್ತು.

ಆ ತಪಾಸಣೆಯ ಸಾಹೇಬರ ಬಗ್ಗೆ ಎರಡು ಸುದ್ದಿಗಳು ಅವರಿಗಿಂತ ಮುಂಚೆಯೇ ಊರು ಸೇರಿದ್ದವು. ಕ್ಲಾಸಿನಲ್ಲಿ ಉರ್ದು ಬಿಟ್ಟು ಬೇರೆ ಮಾತು ಕಿವಿಗೆ ಬಿದ್ದರೆ ಅವರಿಗೆ ಸಿಟ್ಟು ಬರುತ್ತದೆ, ಇದು ಒಂದು. ಮುದುಡಿದ ಶೇರವಾನಿ ಕಣ್ಣಿಗೆ ಬಿದ್ದರೆ ಇನ್ನೂ ಹೆಚ್ಚು ಸಿಟ್ಟು ಬರುತ್ತದೆ, ಇದು ಎರಡು. ಯಲಬುರ್ಗಾದಲ್ಲಿ ಒಬ್ಬ ಮಾಸ್ತರನ ತೋಳಿನ ನಿರಿಗೆಗಳನ್ನು ಬೆರಳಿಟ್ಟು ಎಣಿಸಿ ಹದಿನಾಲ್ಕು ಎಂದು ವರದಿಯಲ್ಲಿ ಬರೆದರಂತೆ. (ಹದಿನಾರು ಎಂದವರೂ ಇದ್ದರು. ಸುದ್ದಿ ಯಲಬುರ್ಗಾದಿಂದ ಗಂಗಾವತಿಗೆ ಬರುವಾಗ ಎರಡು ನಿರಿಗೆ ಹೆಚ್ಚಾಗುವುದು ಸಹಜ.)

ಮಾಸ್ತರರ ಬಳಿ ಇದ್ದದ್ದು ಒಂದೇ ಶೇರವಾನಿ, ಬಿಳಿ ದಪ್ಪ ಅರಿವೆಯದು. ಊರಲ್ಲಿ ಇದ್ದದ್ದು ಒಂದೇ ಇದ್ದಿಲಿನ ಇಸ್ತ್ರಿ ಪೆಟ್ಟಿಗೆ, ಜಿಲಾನಸಾಬನದು. ಬುದ್ಧಿವಂತನಾದವನು ಈ ಎರಡನ್ನೂ ಒಂದು ಕಡೆ ಸೇರಿಸಿ ಸುಮ್ಮನಿರುತ್ತಿದ್ದ. ಆದರೆ ಅಷ್ಟರಲ್ಲಿ ಕನಕಮ್ಮನ ತಮ್ಮ ಹುಚ್ಚೀರಪ್ಪ ಸಿಕಂದರಾಬಾದಿನಿಂದ ಬಂದು ಹೋದ. ಅವನು ಅಲ್ಲಿ ಒಬ್ಬ ಇಂಗ್ಲಿಷ್ ದೊರೆಯ ಬಂಗಲೆಯಲ್ಲಿ ಕೆಲಸಕ್ಕಿದ್ದ. ದೊರೆ ಲಡಾಯಿಗೆ ಹೋಗುವಾಗ ಬಿಟ್ಟುಹೋದ ಸಾಮಾನಿನಲ್ಲಿ ಒಂದನ್ನು ಅಕ್ಕನಿಗೆಂದು ತಂದಿದ್ದ. ಅದು ಕರೆಂಟಿನ ಇಸ್ತ್ರಿ.

ನುಣ್ಣಗೆ ಮಿನುಗುವ ಆ ಇಸ್ತ್ರಿಯನ್ನು ನೋಡಿದ ಮೇಲೆ ಮಾಸ್ತರರು ನೆಲದ ಮೇಲೆ ನಡೆಯುವುದನ್ನು ಬಿಟ್ಟರು. ಗಿರಣಿಯಲ್ಲಿ ಇಂಜಿನ್ನಿಗೆ ಜೋಡಿಸಿದ ಒಂದು ಡೈನಮೋ ಇತ್ತು. ಅಲ್ಲಿಂದ ಗೋಡೆಯ ತೂತಿನೊಳಗೆ ಹಾದು ಒಂದು ತಂತಿ ಮಾಸ್ತರರ ಪಡಸಾಲೆಗೆ ಬಂದು, ಜಂತಿಯಿಂದ ಒಂದು ಬಲ್ಬನ್ನು ಜೋತುಬಿಟ್ಟಿತ್ತು. ಗಿರಣಿಯ ಪತ್ರವ್ಯವಹಾರವನ್ನು ಉರ್ದುವಿನಲ್ಲಿ ಬರೆದುಕೊಡುತ್ತಿದ್ದುದಕ್ಕೆ ಮಾಲೀಕರು ತೋರಿಸಿದ ದಯೆ ಅದು. ಬಲ್ಬು ಉರಿಯುವ ಕಡೆ ಇಸ್ತ್ರಿ ಯಾಕೆ ಕಾಯಬಾರದು?

ಅದೇ ಸಂಜೆ ಜಿಲಾನಸಾಬ ದಾರಿಯಲ್ಲಿ ಸಿಕ್ಕು, "ಮಾಸ್ತರ, ಸಾಹೇಬರು ಬರತಾರಂತ. ಶೇರವಾನಿ ಕೊಟ್ಟು ಕಳಸ್ರಿ" ಎಂದು ಒಳ್ಳೆಯ ಮಾತಿನಲ್ಲೇ ಕೇಳಿದ.

"ಜಿಲಾನಸಾಬ, ನಿನ್ನ ಇದ್ದಲಿ ಕಾಲ ಮುಗೀತು" ಎಂದರು ಮಾಸ್ತರರು. "ಇನ್ನ ಮ್ಯಾಲ ಎಲ್ಲಾ ವಿದ್ಯುಚ್ಛಕ್ತಿ. ನೀ ಬ್ಯಾರೆ ಕಸಬು ನೋಡಿಕೋ."

ಜಿಲಾನಸಾಬ ಗಡ್ಡವನ್ನು ಒಮ್ಮೆ ನೇವರಿಸಿಕೊಂಡು ಹೋದ. ಹಾಗೆ ಸುಮ್ಮನೆ ಹೋಗುವವರನ್ನು ಕಂಡರೆ ಹೆದರಬೇಕು ಎಂಬುದು ಮಾಸ್ತರರ ಪುಸ್ತಕಗಳಲ್ಲಿ ಎಲ್ಲೂ ಬರೆದಿರಲಿಲ್ಲ.

ತಪಾಸಣೆಯ ದಿನ ಬೆಳಿಗ್ಗೆ ಮಾಸ್ತರರು ಪಡಸಾಲೆಯ ಗೋಡೆಯ ಮುಂದೆ ಇದ್ದಿಲಿನ ತುಂಡು ಹಿಡಿದು ನಿಂತರು. ಸಾಹೇಬರು ಸಾಲೆಗೆ ಬರುವುದು ಮಧ್ಯಾಹ್ನ ಒಂದು ಗಂಟೆಗೆ. ಹಿಂದಿನ ದಿನವೇ ಕನಕಮ್ಮ ಶೇರವಾನಿಯನ್ನು ಒಗೆದು, ಗಂಜಿ ಹಾಕಿ, ಒಣಗಿಸಿ ಇಟ್ಟಿದ್ದಳು. ಗಂಜಿ ಕುಡಿದು ಒಣಗಿದ ಆ ಶೇರವಾನಿ ಒಣಗಿದ ಚಕ್ಕಳದ ಹಾಗೆ ಸೆಟೆದು ನಿಂತಿತ್ತು. ನೀರು ಚಿಮುಕಿಸಿ ಮೆತ್ತಗೆ ಮಾಡಿ ಇಸ್ತ್ರಿ ಹಾಕಬೇಕು. ಒಮ್ಮೆ ನೀರು ಚಿಮುಕಿಸಿದ ಮೇಲೆ ಹಿಂದೆ ಸರಿಯುವ ಹಾಗಿಲ್ಲ. ಅದಕ್ಕೇ ಆಕೆ ಕೈಯಲ್ಲಿ ನೀರಿನ ಬಟ್ಟಲು ಹಿಡಿದು ಅನುಮಾನದಿಂದ ನಿಂತಿದ್ದಳು.

"ಖರೇ ಹೇಳ್ರಿ, ಇದು ಕಾಯತೈತಿ? ಸುಟ್ಟುಗಿಟ್ಟು ಹೋದ್ರ?"

"ಅದಕ್ಕ ಲೆಕ್ಕ ಮಾಡಾಕತ್ತೀನಿ. ಇಸ್ತ್ರಿ ಮ್ಯಾಲ ಏನು ಬರದಾರ ಕೇಳು. ಎರಡುನೂರಾ ಇಪ್ಪತ್ತು ವೋಲ್ಟು, ಎರಡು ಆಂಪಿಯರು."

"ಅದೇನು, ಅದರ ತೂಕೇನ್ರಿ?"

"ತೂಕ ಅಲ್ಲ. ವೋಲ್ಟು ಅಂದ್ರ ಕರೆಂಟನ್ನ ಹಿಂದಿನಿಂದ ನೂಕೋ ಜೋರು. ಆಂಪಿಯರು ಅಂದ್ರ ತಂತಿಯೊಳಗ ಹರಿಯೋ ಕರೆಂಟು ಎಷ್ಟೈತಿ ಅನ್ನೂದು. ಇಸ್ತ್ರಿಯೊಳಗಿನ ತಂತಿ ಆ ಕರೆಂಟಿಗೆ ಅಡ್ಡ ನಿಲ್ಲತೈತಿ. ಅದಕ್ಕ ಮುಜಾಹಮತ್ ಅಂತಾರ. ಈ ಮೂರಕ್ಕೂ ಒಂದ ಕಾನೂನು ಹಾಕಿಕೊಟ್ಟಾನ ಓಮ್ ಅಂತ ಒಬ್ಬ ಜರ್ಮನಿ ಪಂಡಿತ."

ಕನಕಮ್ಮ ಬಟ್ಟಲನ್ನು ಕೆಳಗಿಟ್ಟಳು. "ಜರ್ಮನಿಯವ? ಅವರ ಕೂಡ ಲಡಾಯಿ ನಡದೈತಿ ಅಂತ ದಿನಾ ನೀವ ಹೇಳತೀರಿ. ಅವನ ಮಾತು ನಂಬಿ ಇದ್ದ ಒಂದು ಶೇರವಾನಿ ಕೊಡತೀರಿ?"

"ಅವ ಸತ್ತು ತೊಂಬತ್ತು ವರ್ಷ ಆತು, ಮಾರಾಯ್ತಿ!"

"ಹಂಗಾದ್ರ ಹೋಗಲಿ" ಎಂದು ಕನಕಮ್ಮ ಓಮ್ ಪಂಡಿತನನ್ನು ಕ್ಷಮಿಸಿ ಬಟ್ಟಲನ್ನು ಮತ್ತೆ ಕೈಗೆ ತೆಗೆದುಕೊಂಡಳು.

ಮಾಸ್ತರರು ಗೋಡೆಯ ಮೇಲೆ ಬರೆಯತೊಡಗಿದರು. ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ಅಡ್ಡಿ ಎಷ್ಟೆಂದು ಸಿಗುತ್ತದೆ. ಇನ್ನೂರ ಇಪ್ಪತ್ತನ್ನು ಎರಡರಿಂದ ಭಾಗಿಸಿದರೆ ನೂರಾ ಹತ್ತು. ಆದ್ದರಿಂದ ಇಸ್ತ್ರಿಯ ಅಡ್ಡಿ ನೂರಾ ಹತ್ತು ಓಮ್. ಆದರೆ ಗಿರಣಿಯ ಡೈನಮೋದ ಜೋರು ಇನ್ನೂರ ಇಪ್ಪತ್ತಲ್ಲ, ಬರೀ ನೂರಾ ಹತ್ತು ವೋಲ್ಟು. ಆ ನೂರಾ ಹತ್ತನ್ನು ಈ ನೂರಾ ಹತ್ತರಿಂದ ಭಾಗಿಸಿದರೆ...

"ಒಂದು!" ಎಂದು ಮಾಸ್ತರರು ಕೂಗಿ ಒಂದನ್ನು ದೊಡ್ಡದಾಗಿ ಬರೆದು ಸುತ್ತಲೂ ದುಂಡಗೆ ಗೆರೆ ಎಳೆದರು. ಆ ಕ್ಷಣಕ್ಕೆ ಅವರಿಗೆ ಆದ ಆನಂದ ಮದುವೆಯ ದಿನವೂ ಆಗಿರಲಿಲ್ಲ. (ಹೀಗೆಂದು ಆಮೇಲೆ ಅವರೇ ಬಾಯಿಬಿಟ್ಟು ಹೇಳಿ ಎರಡು ದಿನ ಬರೀ ಮಜ್ಜಿಗೆ ಉಂಡರು.) "ನೋಡಿದಿ? ನೂಕೋ ಜೋರೂ ಅರ್ಧ, ಹರಿಯೋ ಕರೆಂಟೂ ಅರ್ಧ. ಅಂದ್ರ ದೊರಿ ಬಂಗಲೆದಾಗ ಹತ್ತು ಮಿನಿಟಿಗೆ ಕಾಯೂ ಇಸ್ತ್ರಿ ನಮ್ಮ ಮನಿಯಾಗ ಇಪ್ಪತ್ತು ಮಿನಿಟಿಗೆ ಕಾಯತೈತಿ. ಸುಡೂ ಮಾತ ಇಲ್ಲ. ನೀರು ಹೊಡಿ!"

ಕನಕಮ್ಮ ನೀರು ಹೊಡೆದಳು. ಗಂಡನ ಮುಖದಲ್ಲಿದ್ದ ತೇಜಸ್ಸನ್ನು ನೋಡಿ ನಾಲ್ಕು ಹನಿ ಹೆಚ್ಚಾಗಿಯೇ ಹೊಡೆದಳು.

ಇನ್ನು ಇಸ್ತ್ರಿಯ ಪ್ರತಿಷ್ಠಾಪನೆ. ಜಂತಿಯಿಂದ ಇಳಿಬಿದ್ದ ಬಲ್ಬನ್ನು ಬಿಚ್ಚಿ, ಆ ಜಾಗಕ್ಕೇ ಇಸ್ತ್ರಿಯ ತಂತಿಯನ್ನು ಸಿಕ್ಕಿಸಬೇಕು. ಸಿಕ್ಕಿಸಿ ಬಿಟ್ಟಾಗ ಇಸ್ತ್ರಿ ಅಂತರದಲ್ಲೇ ನಿಂತಿತು. ತಂತಿ ಮೋಟು. ಇಸ್ತ್ರಿ ಅರಿವೆಯ ಹತ್ತಿರಕ್ಕೆ ಬರದಿದ್ದರೆ ಅರಿವೆ ಇಸ್ತ್ರಿಯ ಹತ್ತಿರಕ್ಕೆ ಹೋಗಬೇಕು. ಎರಡು ಜೋಳದ ಡಬ್ಬಿ ತಂದು, ಅವುಗಳ ಮೇಲೆ ಬಾಗಿಲ ಹಲಗೆ ಅಡ್ಡ ಹಾಕಿ, ಹಲಗೆಯ ಮೇಲೆ ಕಂಬಳಿ, ಕಂಬಳಿಯ ಮೇಲೆ ಹಸಿ ಶೇರವಾನಿ ಹಾಸಿದ್ದಾಯಿತು. ಮಾಸ್ತರರು ಒರಳನ್ನು ಬೋರಲು ಹಾಕಿ ಅದರ ಮೇಲೆ ಹತ್ತಿ ನಿಂತರು. ಒಂದು ಕೈಯಲ್ಲಿ ಇಸ್ತ್ರಿ, ಒಂದು ಕೈಯಲ್ಲಿ ಸಾಲೆಯ ಗಡಿಯಾರ. ಗೋಡೆಯ ಆಚೆಯಿಂದ ಗಿರಣಿಯ ಫಿಟ್ಟರ್ ಮೆಹಬೂಬಸಾಬ ಕೂಗಿದ:

"ಮಾಸ್ತರ, ಬಿಡಲೇನ್ರಿ ಕರೆಂಟು?"

"ಬಿಡ್ರಿ!"

ಐದು ಮಿನಿಟಾಯಿತು. ಕನಕಮ್ಮ ಬೆರಳು ಹಚ್ಚಿ ನೋಡಿ, "ತಣ್ಣಗೈತಿ" ಎಂದಳು. ಹತ್ತು ಮಿನಿಟಾಯಿತು. "ತುಸು ಉಗುರು ಬೆಚ್ಚಗ ಆಗೇತಿ." ಇಪ್ಪತ್ತಾಯಿತು. ಮಾಸ್ತರರು ಗಂಭೀರವಾಗಿ ಇಸ್ತ್ರಿಯನ್ನು ಶೇರವಾನಿಯ ಬೆನ್ನಿನ ಮೇಲೆ ಇಟ್ಟು ಎಳೆದರು. ಚುಸ್ ಎನ್ನಬೇಕಾದ ಕಡೆ ಏನೂ ಅನ್ನಲಿಲ್ಲ. ಇಸ್ತ್ರಿ ಹಸಿ ಅರಿವೆಯ ಮೇಲೆ ಎರಡು ಸಲ ಓಡಾಡಿ, ಇದ್ದ ಬಿಸಿಯನ್ನೂ ಕಳಕೊಂಡು, ಶೇರವಾನಿಯ ನಿರಿಗೆಗಳ ಜೊತೆಗೆ ತನ್ನದೂ ಎರಡು ಸೇರಿಸಿತು.

ಅರ್ಧ ತಾಸಾಯಿತು, ಮುಕ್ಕಾಲು ತಾಸಾಯಿತು. ಎಳೆಗೂಸಿನ ಹೊಟ್ಟೆಗೆ ಶಾಖ ಕೊಡುವಷ್ಟು ಬಿಸಿಯಾಗಿ, ಅಲ್ಲಿಂದ ಮುಂದಕ್ಕೆ ಒಂದು ಹೆಜ್ಜೆ ಇಡಲಾರೆ ಎಂದು ಇಸ್ತ್ರಿ ಕೂತುಬಿಟ್ಟಿತು. ಮಾಸ್ತರರು ಗೋಡೆಯ ಲೆಕ್ಕವನ್ನು ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲಕ್ಕೆ ಪರೀಕ್ಷಿಸಿದರು. ತಪ್ಪಿರಲಿಲ್ಲ. ಒಂದು ಎಂದರೆ ಒಂದೇ. ಲೆಕ್ಕ ಸರಿಯಿದ್ದೂ ಶೇರವಾನಿ ಹಸಿಯಿದ್ದರೆ ಮನುಷ್ಯ ಯಾರನ್ನು ಬೈಯಬೇಕು? ಅವರು ಗಿರಣಿಯನ್ನು ಬೈದರು.

"ಮೆಹಬೂಬಸಾಬ, ನಿಮ್ಮ ಡೈನಮೋ ಮಲಗೇತೇನ್ರಿ? ಜೋರು ಓಡಸ್ರಿ!"

"ಜೋರು ಓಡಿಸಿದ್ರ ಇಂಜಿನ್ನಿನ ಚರ್ಮದ ಪಟ್ಟಾ ಹಾರತೈತ್ರಿ, ಮಾಸ್ತರ!"

"ನೌಕರಿ ಹಾರೂದಕ್ಕಿಂತ ಪಟ್ಟಾ ಹಾರೂದು ಛಲೋ. ಓಡಸ್ರಿ!"

ಮೆಹಬೂಬಸಾಬ ಒಳ್ಳೆಯವನು, ಸ್ನೇಹಿತ. ಓಡಿಸಿದ. ಇಂಜಿನ್ನು ಗುಡುಗಿತು. ಅಡುಗೆಮನೆಯ ತಾಟುಗಳು ಗೂಡಿನಲ್ಲಿ ಕುಣಿದವು. ಗಿರಣಿಯ ಕತ್ತಲೆ ಕೋಣೆಯಲ್ಲಿದ್ದ ಬಲ್ಬು ಕಣ್ಣು ಕೋರೈಸುವಷ್ಟು ಬೆಳಗಿ ಟಪ್ ಎಂದಿತು. ಅದರ ಹಿಂದೆಯೇ ಪಟಾರ್ ಎಂದು ಪಟ್ಟಾ ಕಳಚಿ, ಎರಡು ಅಕ್ಕಿ ಚೀಲಗಳ ಮೇಲೆ ಮಲಗಿತು. ಇಂಜಿನ್ನು ಕೆಮ್ಮಿ ನಿಂತಿತು. ಬೆಳಗಿನ ಹೊತ್ತು ಗಂಗಾವತಿ ಅಷ್ಟು ನಿಶ್ಶಬ್ದವಾಗಿದ್ದುದನ್ನು ಅದಕ್ಕೂ ಮೊದಲು ಯಾರೂ ಕೇಳಿರಲಿಲ್ಲ.

ಮೆಹಬೂಬಸಾಬ ಮೈಯೆಲ್ಲ ತೌಡು ಮಾಡಿಕೊಂಡು ಬಾಗಿಲಿಗೆ ಬಂದ. "ಪಟ್ಟಾ ಹೊಲಿಬೇಕ್ರಿ. ಸಂಜಿ ಆಗತೈತಿ" ಎಂದ. ಹಲಗೆಯ ಮೇಲಿನ ಶೇರವಾನಿಯನ್ನು ನೋಡಿದ. ಒರಳಿನ ಮೇಲೆ ನಿಂತ ಮಾಸ್ತರರನ್ನು ನೋಡಿದ. "ಜಿಲಾನಸಾಬನ ಕರೀಲೇನ್ರಿ?"

ಮಾನ ಬಿಟ್ಟು, ಕರೆಯಿರಿ ಎಂದರು ಮಾಸ್ತರರು. ಮೆಹಬೂಬಸಾಬ ಓಡಿಹೋಗಿ ಓಡಿಬಂದ. ಜಿಲಾನಸಾಬ ಮನೆಯಲ್ಲಿರಲಿಲ್ಲ. ತಪಾಸಣೆಯ ಸಾಹೇಬರ ಅರಿವೆಗೆ ಇಸ್ತ್ರಿ ಹಾಕಲು ಪೆಟ್ಟಿಗೆಯ ಸಮೇತ ಅವರು ಇಳಿದುಕೊಂಡಿದ್ದ ಮುಸಾಫರಿ ಬಂಗಲೆಗೆ ಹೋಗಿದ್ದ.

ಮಾಸ್ತರರು ಒರಳಿನಿಂದ ಇಳಿದು ಅದರ ಮೇಲೇ ಕೂತರು. ಗಡಿಯಾರದಲ್ಲಿ ಹನ್ನೊಂದೂವರೆ. ಕಣ್ಣ ಮುಂದೆ ಹಸಿ ಶೇರವಾನಿ, ಅದರಾಚೆಗೆ ತಾವರಗೇರಾದ ಎಮ್ಮೆಗಳು ಸಾಲಾಗಿ ನಿಂತು ತಮ್ಮನ್ನೇ ನೋಡುತ್ತಿರುವಂತೆ ಅನ್ನಿಸಿತು.

"ಲೆಕ್ಕ ತಪ್ಪಿಲ್ಲ, ಕನಕಾ" ಎಂದರು ಸಣ್ಣ ದನಿಯಲ್ಲಿ. "ಅರ್ಧ ಕರೆಂಟಿಗೆ ಅರ್ಧ ಶಾಖ ಬರಬೇಕಾಗಿತ್ತು."

"ಎಲ್ಲಿಂದ ಬರತೈತ್ರಿ ಅರ್ಧ?" ಎಂದಳು ಕನಕಮ್ಮ. ಆಕೆ ಆಗಲೇ ಒಲೆಯ ಮುಂದೆ ಕೂತು ಬೂದಿ ಸರಿಸಿ ಕೆಂಡ ಕೆದಕುತ್ತಿದ್ದಳು. "ನೂಕೋ ಜೋರೂ ಅರ್ಧ ಅಂದ್ರಿ, ಹರಿಯೂದೂ ಅರ್ಧ ಅಂದ್ರಿ. ಒಲಿಗೆ ಕಟಿಗೀನೂ ಅರ್ಧ ಇಟ್ಟು, ಊದೂದೂ ಅರ್ಧ ಊದಿದ್ರ ಬೆಂಕಿ ಅರ್ಧ ಬರತೈತೇನು? ಅರ್ಧದಾಗ ಅರ್ಧ ಬರತೈತಿ. ಆ ಬೆಂಕಿ ಮ್ಯಾಲ ಅನ್ನಕ್ಕ ಇಟ್ರ ಎರಡು ಪಟ್ಟು ಹೊತ್ತಿಗೆ ಬೇಯತೈತಿ ಅಂತ ತಿಳಿದೀರೇನು? ಮುಂಜಾನಿಂದ ಸಂಜಿತನಾ ಕೂತ್ರೂ ಅಕ್ಕಿ ಅಕ್ಕೀನ ಇರತೈತಿ. ಬಂದ ಬಿಸಿ ಬಂದಂಗ ಗಾಳಿಗೆ ಹೋಗತೈತಿ."

"ಅದು ಒಲಿ, ಇದು ವಿಜ್ಞಾನ" ಎಂದರು ಮಾಸ್ತರರು.

"ಹೌದ್ರಿ. ಈಗ ಒಲೀನ ಬೇಕಾಗೇತಿ. ಸರೀರಿ ಆ ಕಡೆ."

ಆಕೆ ದಪ್ಪ ತಳದ ಹಿತ್ತಾಳೆ ತಂಬಿಗೆಯನ್ನು ಬೂದಿ ಹಚ್ಚಿ ತಿಕ್ಕಿ ತೊಳೆದು ಒರೆಸಿದಳು. ಒಳಗೆ ಕೆಂಡ ತುಂಬಿದಳು. ಕಂಠಕ್ಕೆ ಹಸಿ ಅರಿವೆ ಸುತ್ತಿ ಹಿಡಿದು, ತಳವನ್ನು ಶೇರವಾನಿಯ ಮೇಲಿಟ್ಟು ಒತ್ತಿದಳು. ಚುಸ್ ಎಂದಿತು! ಆ ಸದ್ದು ಕಿವಿಗೆ ಬಿದ್ದಾಗ ಮಾಸ್ತರರಿಗೆ ಕಣ್ಣಲ್ಲಿ ನೀರೇ ಬಂತು. ತಂಬಿಗೆ ಬೆನ್ನ ಮೇಲೆ ಓಡಿತು, ತೋಳುಗಳ ಮೇಲೆ ಓಡಿತು, ಕಾಲರಿನ ಅಂಚಿಗೆ ನಿಧಾನಕ್ಕೆ ಸುತ್ತು ಹಾಕಿತು. ಕೆಂಡ ಆರಿದಾಗ ಮೆಹಬೂಬಸಾಬ ಚಿಮಟದಿಂದ ಹೊಸ ಕೆಂಡ ಹಾಕಿಕೊಟ್ಟ. ಹನ್ನೆರಡೂವರೆಗೆ ಶೇರವಾನಿ ಮಾಸ್ತರರ ಮೈಮೇಲೆ ಇತ್ತು. ಇನ್ನೂ ಬಿಸಿಯಾಗಿತ್ತು.

"ಎದಿ ಮುಂದ ಮಾಡಿ ನಿಲ್ರಿ" ಎಂದಳು ಕನಕಮ್ಮ. "ಬೆನ್ನು ಮಾತ್ರ ಭಾಳ ತೋರಸಬ್ಯಾಡ್ರಿ. ಅವಸರದಾಗ ತಂಬಿಗಿ ತಳದ ಗುಂಡು ಗುರುತು ಮೂಡ್ಯಾವ."

ಒಂದು ಗಂಟೆಗೆ ಸರಿಯಾಗಿ ಸಾಹೇಬರು ಬಂದರು. ಎತ್ತರದ ಆಳು, ತೆಳ್ಳನೆಯ ಮೀಸೆ. ಅವರ ಶೇರವಾನಿಯ ಗೆರೆಗಳನ್ನು ನೋಡಿದರೆ ಜಿಲಾನಸಾಬ ತನ್ನ ಜೀವಮಾನದ ವಿದ್ಯೆಯನ್ನೆಲ್ಲ ಅಲ್ಲಿ ಧಾರೆ ಎರೆದಿದ್ದಾನೆಂದು ಗೊತ್ತಾಗುತ್ತಿತ್ತು. ಮಾಸ್ತರರನ್ನು ಎದುರಿನಿಂದ ನೋಡಿದರು, ತಲೆದೂಗಿದರು. ಆಮೇಲೆ ಉರ್ದುವಿನಲ್ಲಿ ಕೇಳಿದರು:

"ನೀವೇ ಏನು, ವಿದ್ಯುತ್ತಿನಿಂದ ಇಸ್ತ್ರಿ ಹಾಕುವ ಮಾಸ್ತರರು? ಬಂಗಲೆಯಲ್ಲಿ ಇಸ್ತ್ರಿಯವನು ಬೆಳಿಗ್ಗೆಯೆಲ್ಲ ನಿಮ್ಮದೇ ವರ್ಣನೆ ಮಾಡಿದ. ತನ್ನ ಇದ್ದಿಲಿನ ಕಾಲ ಮುಗಿಯಿತಂತೆ. ಬಹಳ ಸಂತೋಷ. ಇವತ್ತಿನ ಪಾಠ ಅದೇ ಆಗಲಿ. ಆ ಇಸ್ತ್ರಿ ಹೇಗೆ ಕಾಯುತ್ತದೆ, ಲೆಕ್ಕ ಹಾಕಿ ಹುಡುಗರಿಗೆ ತೋರಿಸಿ."

ಗಡ್ಡ ನೇವರಿಸಿಕೊಂಡು ಹೋದ ಜಿಲಾನಸಾಬ ಮಾಸ್ತರರ ಕಣ್ಣ ಮುಂದೆ ಒಮ್ಮೆ ಸುಳಿದು ಮಾಯವಾದ. ಬೇರೆ ದಾರಿ ಇರಲಿಲ್ಲ. ಅವರು ಉರ್ದುವಿನಲ್ಲಿ ಶುರು ಮಾಡಿದರು. ಓಮ್ ಪಂಡಿತನ ಕಾನೂನು ಹೇಳಿದರು. ಹುಡುಗರು ಒಕ್ಕೊರಲಿನಿಂದ ಒಪ್ಪಿಸಿದರು. ಮುಜಾಹಮತ್ ಎಂದರು. ಹುಡುಗರೂ ಮುಜಾಹಮತ್ ಎಂದರು. ಅಲ್ಲಿಯವರೆಗೆ ಎಲ್ಲವೂ ಕ್ಷೇಮ. ಆಮೇಲೆ ಇನ್ನೂರ ಇಪ್ಪತ್ತನ್ನು ಎರಡರಿಂದ ಭಾಗಿಸಬೇಕಿತ್ತು. ಭಾಗಿಸುವುದಕ್ಕೆ ಕರಿಹಲಗೆ ಬೇಕು. ಕರಿಹಲಗೆಯ ಮೇಲೆ ಬರೆಯಬೇಕಾದರೆ ಮನುಷ್ಯ ತಿರುಗಲೇಬೇಕು.

ಮಾಸ್ತರರು ಏಡಿಯ ಹಾಗೆ ಅಡ್ಡಡ್ಡ ನಡೆದು, ಕೈಯನ್ನು ಹಿಂದಕ್ಕೆ ಚಾಚಿ, ಬೆನ್ನು ಗೋಡೆಗಿಟ್ಟುಕೊಂಡೇ ಬರೆಯಲು ನೋಡಿದರು. ಎರಡು ಎಂಬುದು ಆರಾಯಿತು. "ಸರಿಯಾಗಿ ನಿಂತು ಬರೆಯಿರಿ" ಎಂದರು ಸಾಹೇಬರು. ದೇವರ ಮೇಲೆ ಭಾರ ಹಾಕಿ ಮಾಸ್ತರರು ತಿರುಗಿದರು. ನೂರಾ ಹತ್ತನ್ನು ನೂರಾ ಹತ್ತರಿಂದ ಭಾಗಿಸಿ ಒಂದು ಎಂದು ಬರೆದು, ಹೊರಳಿ ನೋಡುವಷ್ಟರಲ್ಲಿ ಸಾಹೇಬರು ಖುರ್ಚಿಯಿಂದ ಎದ್ದು ಅವರ ಬೆನ್ನ ಹಿಂದೆಯೇ ನಿಂತಿದ್ದರು.

"ಮಾಸ್ತರ್ ಸಾಹೇಬ್, ನಿಮ್ಮ ವಿದ್ಯುತ್ ಇಸ್ತ್ರಿಯ ತಳ ದುಂಡಗಿದೆಯೇ?"

ಮಾಸ್ತರರು ಸೀಮೆಸುಣ್ಣವನ್ನು ಕೆಳಗಿಟ್ಟರು.

"ಇಲ್ಲ, ಹುಜೂರ್."

"ಒಂದು ಆಂಪಿಯರಿಗೆ ಅದು ಕಾದಿತೇ?"

"ಇಲ್ಲ, ಹುಜೂರ್."

"ಯಾಕೆ ಕಾಯಲಿಲ್ಲ? ಹೇಳಿ."

ಮಾಸ್ತರರು ಬಾಯಿ ತೆರೆದರು. ಉರ್ದು ಬರಲಿಲ್ಲ. ಒಲೆಗೆ, ಕಟ್ಟಿಗೆಗೆ, ಊದುವುದಕ್ಕೆ ರಾಯಚೂರಿನಲ್ಲಿ ಯಾರೂ ಅವರಿಗೆ ಶಬ್ದ ಕಲಿಸಿಕೊಟ್ಟಿರಲಿಲ್ಲ. ತಲೆಯೊಳಗೆ ಇದ್ದದ್ದು ಒಂದೇ ಮಾತು, ಅದೂ ಹೆಂಡತಿಯ ದನಿಯಲ್ಲಿ. ಹೇಗೂ ನೌಕರಿ ಹೋಯಿತು, ಹೋಗುವುದು ಕನ್ನಡದಲ್ಲೇ ಹೋಗಲಿ ಎಂದು ಹುಡುಗರ ಕಡೆ ತಿರುಗಿದರು.

"ನೋಡ್ರಿ, ತಮ್ಮಗಳಿರಾ. ನಿಮ್ಮ ಅವ್ವ ಒಲಿಗೆ ಅರ್ಧ ಕಟಿಗಿ ಇಟ್ಟು, ಊದೂದೂ ಅರ್ಧ ಊದಿದ್ರ ಬೆಂಕಿ ಎಷ್ಟು ಬರತೈತಿ? ಅರ್ಧ ಅಲ್ಲ, ಅರ್ಧದಾಗ ಅರ್ಧ. ಇಸ್ತ್ರೀನೂ ಹಂಗ. ವೋಲ್ಟು ಅಂದ್ರ ಊದೋ ಜೋರು. ಆಂಪಿಯರು ಅಂದ್ರ ಉರಿಯೋ ಕಟಿಗಿ. ಎರಡೂ ಅರ್ಧ ಆದ್ವು. ಶಾಖ ಕಾಲು ಭಾಗಕ್ಕ ಬಂತು. ಕಾಲು ಬೆಂಕಿ ಮ್ಯಾಲ ಅನ್ನ ಬೇಯತೈತೇನು?"

"ಇಲ್ರೀ!" ಎಂದು ನಲವತ್ತು ಹುಡುಗರು ಹೆಂಚು ಹಾರುವಂತೆ ಕೂಗಿದರು. ಮೂರು ವರ್ಷದಲ್ಲಿ ಅವರು ಬಾಯಿಪಾಠ ಮಾಡದೆ ಹೇಳಿದ ಮೊದಲ ಉತ್ತರ ಅದು. ಅಷ್ಟಕ್ಕೇ ನಿಲ್ಲಲಿಲ್ಲ. ಹಾಗಾದರೆ ಇಸ್ತ್ರಿಯ ಅಡ್ಡಿ ಕಡಿಮೆಯಿದ್ದರೆ ಕಾಯುತ್ತಿತ್ತೇ ಎಂದು ಒಂದು ಮೂಲೆಯಿಂದ ಕೇಳಿದರು. ಗಿರಣಿಯ ಜೋರು ಹೆಚ್ಚಿಸಿದರೆ ಹೇಗೆ ಎಂದು ಇನ್ನೊಂದು ಮೂಲೆಯಿಂದ ಕೇಳಿದರು. (ಈ ಎರಡನೆಯದಕ್ಕೆ ಉತ್ತರ ಆಗ ಅಕ್ಕಿ ಚೀಲಗಳ ಮೇಲೆ ಮಲಗಿತ್ತು.) ಮಾಸ್ತರರು ತಪಾಸಣೆಯನ್ನು ಮರೆತು, ಸಾಹೇಬರನ್ನು ಮರೆತು, ಅರ್ಧ ತಾಸು ಕನ್ನಡದಲ್ಲಿ ಓಮನ ಕಾನೂನನ್ನು ಬೇಯಿಸಿ ಬಡಿಸಿದರು.

ನೆನಪಾದಾಗ ಹೊರಳಿ ನೋಡಿದರು. ಸಾಹೇಬರು ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡಿದ್ದರು. ಹೆಗಲು ಕುಲುಕುತ್ತಿತ್ತು. ಸಿಟ್ಟಿರಬೇಕು ಎಂದುಕೊಂಡರು ಮಾಸ್ತರರು. ಕರವಸ್ತ್ರ ತೆಗೆದಾಗ ನೋಡಿದರೆ ನಗೆ!

"ನಾ ಬೀದರದಾವ ಇದ್ದೀನಿ, ಮಾಸ್ತರ" ಎಂದರು ಸಾಹೇಬರು. ಅಚ್ಚ ಕನ್ನಡ! "ನನ್ನ ಕನ್ನಡ ಕೇಳಿದ್ರ ಮಾಸ್ತರುಗಳು ಯಾರೂ ಹೆದರೂದಿಲ್ಲ, ಅದಕ್ಕ ಮುಚ್ಚಿಟ್ಟೀನಿ. ಈ ಒಲಿ ಮಾತು ಯಾವ ಕಿತಾಬಿನಾಗ ಐತಿ?"

"ಕಿತಾಬಿನಾಗ ಇಲ್ರಿ, ಹುಜೂರ್. ನಮ್ಮ ಮನಿಯಾಕಿ ಹೇಳಿದ್ದು."

"ತಂಬಿಗೀನೂ ಅವರದ?"

"ಹೌದ್ರಿ."

ಸಾಹೇಬರು ತಪಾಸಣೆಯ ವಹಿಯನ್ನು ತೆರೆದು ಬರೆಯತೊಡಗಿದರು. ಮಾಸ್ತರರು ಅವರ ಲೇಖನಿ ಬಲದಿಂದ ಎಡಕ್ಕೆ ಓಡುವುದನ್ನೇ ನೋಡುತ್ತ ನಿಂತರು. ಕ್ಲಾಸಿನಲ್ಲಿ ಭಾಷೆಯ ನಿಯಮ ಮುರಿದುದಕ್ಕೆ ಒಂದು ಸಾಲಿನ ತಾಕೀತು ಇತ್ತು. ಅದರ ಕೆಳಗೆ, ಈ ಜಿಲ್ಲೆಯಲ್ಲಿ ವಿಜ್ಞಾನ ಅರ್ಥವಾದ ಹುಡುಗರನ್ನು ಮೊದಲ ಸಲ ನೋಡಿದೆ, ಈ ಮಾಸ್ತರರನ್ನು ಕಾಯಂ ಮಾಡತಕ್ಕದ್ದು ಎಂದಿತ್ತು. ಕೊನೆಯ ಎರಡು ಶಬ್ದಗಳನ್ನು ಮಾಸ್ತರರು ನಾಲ್ಕು ಸಲ ಓದಿದರು. ಆಮೇಲೆ ಹುಡುಗರ ಬೆಂಚಿನ ಮೇಲೆ ಕೂತುಬಿಟ್ಟರು.

ಸಂಜೆ ಮನೆಗೆ ಬರುವಾಗ ಗಂಗಾವತಿಯ ಧೂಳು ಕೂಡ ಅವರಿಗೆ ಚೆಂದ ಕಂಡಿತು. ದಾರಿಯಲ್ಲಿ ಜಿಲಾನಸಾಬನ ಅಂಗಡಿಯ ಮುಂದೆ ನಿಂತು ಎರಡೂ ಕೈ ಎತ್ತಿ ಮುಗಿದರು. ಅವನು ನಗುತ್ತಾ ಒಂದು ವೀಳ್ಯದ ಎಲೆ ಕೊಟ್ಟ, ಬಾಯಿಗೆ ಹಾಕಿಕೊಂಡರು. ಬಾಗಿಲಲ್ಲೇ ನಿಂತಿದ್ದ ಕನಕಮ್ಮ ಅವರ ಮುಖ ನೋಡಿದ ಕೂಡಲೇ ಗೋಡೆಗೆ ಒರಗಿ, "ಅಬ್ಬಾ!" ಎಂದು ಬೆಳಗಿನಿಂದ ಹಿಡಿದಿದ್ದ ಉಸಿರನ್ನು ಬಿಟ್ಟಳು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು, ಎಲ್ಲವನ್ನೂ ಮೊದಲಿನಿಂದ ಹೇಳಿಸಿಕೊಂಡಳು. ಒಲೆಯ ಮಾತು ಬಂದ ಕಡೆ ಮಾಸ್ತರರು ಸ್ವಲ್ಪ ಬೇಗ ಬೇಗ ಹೇಳಿ ದಾಟಿಸಲು ನೋಡಿದರು. ಆಕೆ ದಾಟಿಸಲು ಬಿಡಲಿಲ್ಲ. ಎರಡು ಸಲ ಹೇಳಿಸಿದಳು.

"ಇನ್ನೊಂದು ಐತಿ" ಎಂದರು ಮಾಸ್ತರರು. "ಮುಂದಿನ ತಿಂಗಳು ಕುಷ್ಟಗಿಯೊಳಗ ಮಾಸ್ತರುಗಳ ಸಭಾ. ಅಲ್ಲಿ ನಾ ಈ ಪಾಠ ಮಾಡಿ ತೋರಸಬೇಕಂತ. ಖರೇ ಒಲಿ ಹಚ್ಚಿ, ಅರ್ಧ ಕಟಿಗಿ ಇಟ್ಟು, ಅರ್ಧ ಊದಿ."

"ನಿಮಗ ಒಲಿ ಹಚ್ಚಾಕ ಬರತೈತೇನ್ರಿ?"

"ಅದರಾಗ ಏನೈತಿ? ಲೆಕ್ಕ ಬಂದಾವನಿಗೆ ಒಲಿ ಬರೂದಿಲ್ಲೇನು?" ಎಂದು ಮಾಸ್ತರರು ಹಳೆಯ ಧೋತರ ಉಟ್ಟು ಒಲೆಯ ಮುಂದೆ ಕೂತರು. ಕಟ್ಟಿಗೆಯನ್ನು ಅಳತೆ ಹಿಡಿದು ಜೋಡಿಸಿದರು. ಊದುಗೊಳವೆಗೆ ಬಾಯಿ ಹಚ್ಚಿ, ಅರ್ಧವಲ್ಲ, ಇದ್ದ ಶಕ್ತಿಯನ್ನೆಲ್ಲ ಹಾಕಿ ಊದಿದರು. ಬೂದಿ ಎದ್ದು ಮೀಸೆಯ ಮೇಲೆ ಕೂತಿತು. ಮತ್ತೆ ಊದಿದರು. ಹೊಗೆ ಎದ್ದು ಕಣ್ಣಿಗೆ ನುಗ್ಗಿತು. ಗೋಡೆಯಾಚೆಯಿಂದ ಮೆಹಬೂಬಸಾಬ, "ಮಾಸ್ತರ, ಬೆಂಕಿ ಬಿದ್ದೇತೇನ್ರಿ?" ಎಂದು ಗಾಬರಿಯಿಂದ ಕೂಗಿದ. ಬೆಂಕಿಯೊಂದನ್ನು ಬಿಟ್ಟು ಉಳಿದದ್ದೆಲ್ಲ ಬಿದ್ದಿತ್ತು.

ಕನಕಮ್ಮ ಪಕ್ಕಕ್ಕೆ ಕೂತು, ಎರಡು ಕಟ್ಟಿಗೆಯನ್ನು ತುಸು ಹಿಂದಕ್ಕೆ ಎಳೆದು, ಒಂದೇ ಒಂದು ಸಲ ಹಗುರವಾಗಿ ಊದಿದಳು. ಒಲೆ ಭಗ್ಗನೆ ಹೊತ್ತಿತು. ಕೆಮ್ಮಿ ಕೆಮ್ಮಿ ಕಣ್ಣೀರು ಸುರಿಸುತ್ತಿದ್ದ ಗಂಡನ ಮುಖವನ್ನು ಆ ಬೆಳಕಿನಲ್ಲಿ ನೋಡಿ ಆಕೆಗೆ ನಗು ತಡೆಯಲಾಗಲಿಲ್ಲ.

"ಸರಕಾರದಾಗ ನೀವು ಕಾಯಂ ಆಗಿರಬಹುದ್ರಿ" ಎಂದಳು, ಊದುಗೊಳವೆಯನ್ನು ಅವರ ಕೈಯಿಂದ ಕಸಿದುಕೊಂಡು. "ನನ್ನ ಒಲಿ ಮುಂದ ಇನ್ನೂ ಹಂಗಾಮಿ. ನಾಳೆ ಮುಂಜಾನೆ ಐದು ಗಂಟೆಗೆ ಹಾಜರಾಗ್ರಿ. ಕೆಲಸ ನೋಡಿ ಆಮ್ಯಾಲ ವಿಚಾರ ಮಾಡತೀನಿ."